ತಾನಾಗಿ ಮುಚ್ಚಿಕೊಳ್ಳದ ಫೈರ್ ಡೋರ್: ಕರಾವಳಿಯ ಬಹುಮಹಡಿ ಕಟ್ಟಡಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಮಂಗಳೂರಿನ ಕದ್ರಿ, ಬಿಜೈ, ಬೆಂದೂರ್‌ವೆಲ್ ಕಡೆಗಾಗಲಿ, ಉಡುಪಿ ಮಣಿಪಾಲಗಳಲ್ಲಾಗಲಿ ಎದ್ದುನಿಂತಿರುವ ಎತ್ತರದ ವಸತಿ ಸಮುಚ್ಚಯಗಳಲ್ಲಿ ಲಿಫ್ಟ್ ಲಾಬಿಗೂ ಮೆಟ್ಟಿಲಿಗೂ ನಡುವೆ ಒಂದು ಭಾರವಾದ ಉಕ್ಕಿನ ಬಾಗಿಲು ಇರುತ್ತದೆ. ಅದರ ನೆತ್ತಿಯ ಮೇಲೆ ಮಡಚುವ ತೋಳಿರುವ ಒಂದು ಲೋಹದ ಪೆಟ್ಟಿಗೆಯೂ ಇರುತ್ತದೆ. ಆ ಪೆಟ್ಟಿಗೆಯೇ ಡೋರ್ ಕ್ಲೋಸರ್. ಬೆಂಕಿ ಬಿದ್ದ ಮನೆಯಿಂದ ಮಕ್ಕಳನ್ನೂ ಮುದುಕರನ್ನೂ ಎಳೆದುಕೊಂಡು ಓಡುವವರು ಹಿಂದಿರುಗಿ ಬಾಗಿಲು ಹಾಕಲಾರರು ಎಂಬ ಒಂದೇ ಕಾರಣಕ್ಕೆ ಅದು ಅಲ್ಲಿದೆ. ಬಾಗಿಲು ತೆರೆದೇ ಉಳಿದರೆ ಹೊಗೆ ಮೆಟ್ಟಿಲ ಗೂಡಿಗೆ ನುಗ್ಗಿ, ಬೆಂಕಿಯ ಬಿಸಿಯೇ ತಾಕದ ಮೇಲಿನ ಮಹಡಿಗಳವರೆಗೂ ಏರುತ್ತದೆ. ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಮಂದಿಯನ್ನು ಬಲಿತೆಗೆದುಕೊಂಡ ಅವಘಡದಲ್ಲಿಯೂ ಜನರನ್ನು ಮೇಲಿನ ಮಹಡಿಗಳಲ್ಲಿ ಸಿಕ್ಕಿಹಾಕಿಸಿದ್ದು ಹೊಗೆಯೇ.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗವು ಇಂತಹ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳಬೇಕೆಂದು ಹೇಳುತ್ತದೆ. ಬಾಗಿಲ ಅಂಚಿನ ಫಲಕದಲ್ಲಿ 120 ನಿಮಿಷ ಎಂದು, ಅಂದರೆ ಅಷ್ಟು ಹೊತ್ತು ಬೆಂಕಿಯನ್ನು ತಡೆಯುತ್ತದೆಂದು, ಬರೆದಿರುವುದನ್ನು ಹಲವರು ನೋಡಿರಬಹುದು. ಆದರೆ ಆ 120 ನಿಮಿಷಗಳ ಭರವಸೆ ಪೂರ್ತಿ ಮುಚ್ಚಿ ಲಾಚ್ ಬಿದ್ದ ಬಾಗಿಲಿಗೆ ಮಾತ್ರ ಅನ್ವಯಿಸುತ್ತದೆ. ಬೆಂಕಿಯ ಬಿಸಿಗೆ ಕದ ಬಾಗತೊಡಗಿದಾಗ ಅದನ್ನು ಚೌಕಟ್ಟಿನಲ್ಲಿ ಹಿಡಿದಿಡುವುದು ಮುಖ್ಯವಾಗಿ ಲಾಚ್. ಆದ್ದರಿಂದ ಈ ಕೈಪಿಡಿಯುದ್ದಕ್ಕೂ 'ಮುಚ್ಚಿದೆ' ಎಂದರೆ ಲಾಚ್ ಬಿದ್ದಿದೆ ಎಂದೇ ಅರ್ಥ.

ಮೊದಲು ಮೂರು ಸಲ ಬಿಟ್ಟು ನೋಡಿ

ತಿರುಪುಳಿ ಕೈಗೆತ್ತಿಕೊಳ್ಳುವ ಮುನ್ನ ಬಾಗಿಲನ್ನು ಪೂರ್ತಿ ತೆರೆದು ಕೈಬಿಡಿ. ಆಮೇಲೆ ಅರ್ಧ ತೆರೆದು ಬಿಡಿ. ಕೊನೆಗೆ ಒಂದು ಗೇಣಿನಷ್ಟು ಮಾತ್ರ ತೆರೆದು ಬಿಡಿ. ಮೂರು ಸಲವೂ ಯಾರ ಕೈಯೂ ತಾಗದೆ ಬಾಗಿಲು ಮುಚ್ಚಿ, 'ಟಕ್' ಎಂದು ಲಾಚ್ ಬಿದ್ದು, ಹಿಡಿ ತಿರುಗಿಸದೆ ಎಳೆದರೆ ತೆರೆಯದಂತಿರಬೇಕು. ಪೂರ್ತಿ ತೆರೆದಾಗ ವೇಗದ ಬಲದಿಂದಲೇ ಮುಚ್ಚಿಕೊಳ್ಳುವ ಬಾಗಿಲು ಗೇಣಿನ ಪರೀಕ್ಷೆಯಲ್ಲಿ ಸೋಲುವುದು ಬಹಳ ಸಾಮಾನ್ಯ, ಮತ್ತು ನಿಜವಾದ ದೋಷ ಬಯಲಾಗುವುದು ಅಲ್ಲಿಯೇ. ಮೆಟ್ಟಿಲ ಕಿಟಕಿ ತೆರೆದಿದ್ದಾಗ ಒಮ್ಮೆ, ಮುಚ್ಚಿದ್ದಾಗ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು; ಕಡಲಗಾಳಿಯ ಊರಿನಲ್ಲಿ ಎರಡು ಫಲಿತಾಂಶಗಳು ಬೇರೆಬೇರೆಯಾಗಿಯೇ ಬರುತ್ತವೆ.

ಪರೀಕ್ಷಿಸುವಾಗ ಬಿಜಾಗರಿಯ ಬದಿಯ ಸಂದಿನಲ್ಲಿ ಯಾರ ಬೆರಳೂ ಇರದಂತೆ ನೋಡಿಕೊಳ್ಳಿ. ಮಕ್ಕಳನ್ನು ದೂರವಿಡಿ. ಉಕ್ಕಿನ ಕದದ ತೂಕಕ್ಕೆ ಬೆರಳು ಜಜ್ಜಿಹೋಗುತ್ತದೆ.

ಬಾಗಿಲು ದಿನವಿಡೀ ತೆರೆದೇ ನಿಂತಿದೆ

ಇದು ಅತ್ಯಂತ ಸಾಮಾನ್ಯ ಲಕ್ಷಣ, ಮತ್ತು ಹೆಚ್ಚಿನ ಸಲ ಯಂತ್ರದ ದೋಷವೇ ಅಲ್ಲ. ಮೊದಲು ನೆಲ ನೋಡಿ. ಮರದ ಬೆಣೆ, ಇಂಟರ್‌ಲಾಕ್ ಕಲ್ಲು, ಚಪ್ಪಲಿ ಸ್ಟ್ಯಾಂಡ್, ಹೂಕುಂಡ, ಒಣ ತೆಂಗಿನಕಾಯಿ, ಇವುಗಳಲ್ಲಿ ಯಾವುದಾದರೊಂದು ಬಾಗಿಲಿಗೆ ಅಡ್ಡ ಕೂತಿರುತ್ತದೆ. ಆಮೇಲೆ ಹಿಡಿಯನ್ನು ನೋಡಿ; ಮೆಟ್ಟಿಲ ಕಂಬಿಗೆ ಹಗ್ಗ ಕಟ್ಟಿರುವುದೂ ಉಂಟು. ತೆಗೆದುಹಾಕಲು ಖರ್ಚಿಲ್ಲ, ಆದರೆ ತೆಗೆದ ಮರುದಿನವೇ ಅದು ಅಲ್ಲಿಗೆ ಮರಳುತ್ತದೆ. ಏಕೆಂದರೆ ಇಟ್ಟವರಿಗೆ ಒಂದು ಕಾರಣವಿರುತ್ತದೆ: ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಲಾಬಿಗೆ ಗಾಳಿ ಬೇಕು, ಮಳೆಗಾಲದಲ್ಲಿ ಮೆಟ್ಟಿಲ ಬಳಿ ಬಟ್ಟೆ ಒಣಗಬೇಕು, ಗ್ಯಾಸ್ ಸಿಲಿಂಡರ್ ಹೊತ್ತು ತರುವವರಿಗೆ ಎರಡೂ ಕೈ ತುಂಬಿರುತ್ತದೆ, ಅಥವಾ ಬಾಗಿಲೇ ಅಜ್ಜಿಯೊಬ್ಬರಿಗೆ ತೆರೆಯಲಾಗದಷ್ಟು ಭಾರವಾಗಿದೆ. ಕೊನೆಯ ಕಾರಣ ಮಾತ್ರ ಯಂತ್ರದ ದೋಷ. ಅದರ ಪರಿಹಾರ ಮುಂದೆ ಬರುತ್ತದೆ. ಉಳಿದವನ್ನು ಅಸೋಸಿಯೇಷನ್ ಸಭೆಯಲ್ಲಿ ಮಾತನಾಡಿಯೇ ಬಗೆಹರಿಸಬೇಕು. 'ಬಾಗಿಲು ಮುಚ್ಚಿಡಿ' ಎಂಬ ಫಲಕವೊಂದನ್ನೇ ನಂಬಿ ಕುಳಿತರೆ ಫಲವಿಲ್ಲ ಎಂಬುದು ನನ್ನ ಅಭಿಪ್ರಾಯ.

ನೆಲದಲ್ಲಿ ಏನೂ ಇಲ್ಲದೆಯೂ ಬಾಗಿಲು 90 ಡಿಗ್ರಿಗೆ ಬಂದು ನಿಂತರೆ ಕ್ಲೋಸರ್‌ನ ತೋಳನ್ನು ಗಮನಿಸಿ. ಅಂಗಡಿ ಕಚೇರಿಗಳ ಬಾಗಿಲಿಗೆಂದು ಮಾರುವ, ಒಂದು ಕೋನದಲ್ಲಿ ತಡೆದು ನಿಲ್ಲಿಸುವ 'ಹೋಲ್ಡ್ ಓಪನ್' ತೋಳನ್ನು ಯಾರೋ ಹಾಕಿರಬಹುದು. ಮಾಮೂಲಿ ಬಾಗಿಲಿಗೆ ಅದು ಸರಿ, ಫೈರ್ ಡೋರಿಗೆ ಸಲ್ಲದು. ತೋಳನ್ನು ಬದಲಿಸಿಯೇ ತೀರಬೇಕು. ಬಾಗಿಲು ಹಗಲೆಲ್ಲ ತೆರೆದಿರಲೇಬೇಕಾದ ಜಾಗಗಳಿದ್ದರೆ, ಉದಾಹರಣೆಗೆ ಆಸ್ಪತ್ರೆಯ ಕಾರಿಡಾರ್‌ಗಳಲ್ಲಿ, ಅದಕ್ಕಿರುವ ಸರಿಯಾದ ದಾರಿ ಫೈರ್ ಅಲಾರ್ಮ್‌ಗೆ ಜೋಡಿಸಿದ ವಿದ್ಯುತ್ ಅಯಸ್ಕಾಂತ. ಅಲಾರ್ಮ್ ಮೊಳಗಿದರೆ ಅಥವಾ ಅಯಸ್ಕಾಂತಕ್ಕೆ ವಿದ್ಯುತ್ ತಪ್ಪಿದರೆ ಅದು ಕದವನ್ನು ಬಿಟ್ಟುಬಿಡುತ್ತದೆ, ಉಳಿದದ್ದನ್ನು ಕ್ಲೋಸರ್ ಮಾಡುತ್ತದೆ. ಮೆಸ್ಕಾಂ ಕರೆಂಟ್ ಹೋದಾಗ ಬಾಗಿಲು ಬಿಡಲಿಲ್ಲವೆಂದ ಮಾತ್ರಕ್ಕೆ ದೋಷವೆಂದು ತೀರ್ಮಾನಿಸಬೇಡಿ. ಅಲಾರ್ಮ್ ಪ್ಯಾನೆಲ್‌ನ ಬ್ಯಾಟರಿ ಅದನ್ನು ಹಿಡಿದಿರಬಹುದು. ಅಲಾರ್ಮ್ ಪರೀಕ್ಷೆಯ ದಿನ ಬಿಡದಿದ್ದರೆ ಮಾತ್ರ ಅದು ದೋಷ, ಮತ್ತು ಅದನ್ನು ಪ್ಯಾನೆಲ್ ನೋಡಿಕೊಳ್ಳುವವರೇ ಸರಿಪಡಿಸಬೇಕು.

ಎಲ್ಲ ಸರಿ, ಆದರೆ ಕೊನೆಯ ಎರಡು ಬೆರಳಿನಷ್ಟು ಮುಚ್ಚುವುದಿಲ್ಲ

ದೂರದಿಂದ ನೋಡಿದರೆ ಮುಚ್ಚಿದಂತೆಯೇ ಕಾಣುವುದರಿಂದ ಇದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದ ದೋಷ. ಇಲ್ಲಿ ಕ್ಲೋಸರ್‌ನ ತಿರುಪನ್ನು ಮುಟ್ಟುವುದು ಕೊನೆಯ ಕೆಲಸವಾಗಬೇಕು. ಹೆಚ್ಚಿನ ಮೆಕ್ಯಾನಿಕ್‌ಗಳು ಅಲ್ಲಿಂದಲೇ ಆರಂಭಿಸುತ್ತಾರೆ. ಬಾಗಿಲು ಬಡಿಯುವಂತೆ ಮಾಡಿ, ಬಡಿತದ ಜೋರಿಗೆ ಲಾಚ್ ಬೀಳುತ್ತದೆಂದು ತೋರಿಸಿ ಹೋಗುತ್ತಾರೆ.

ಮೊದಲು ಲಾಚ್‌ನ ನಾಲಗೆಯನ್ನು ಬೆರಳಿನಿಂದ ಒತ್ತಿ ನೋಡಿ. ಅದು ಸರಾಗವಾಗಿ ಒಳಹೋಗಿ ಚಿಮ್ಮಿ ಹೊರಬರಬೇಕು. ಉಪ್ಪುಗಾಳಿ ಮತ್ತು ತೇವದಿಂದ ಒಳಗಿನ ಸ್ಪ್ರಿಂಗ್‌ಗೆ ತುಕ್ಕು ಹಿಡಿದು ನಾಲಗೆ ಗಟ್ಟಿಯಾಗುವುದು ಪಣಂಬೂರು, ಸುರತ್ಕಲ್, ಮಲ್ಪೆಯಂಥ ಕಡಲಿಗೆ ಹತ್ತಿರದ ಜಾಗಗಳಲ್ಲಿ ಅಚ್ಚರಿಯಲ್ಲ. ಒಣ ಗ್ರಾಫೈಟ್ ಪುಡಿ ಅಥವಾ ಸಿಲಿಕೋನ್ ಸ್ಪ್ರೇ ಸಾಕು. ಮನೆಯಲ್ಲಿ ಸದಾ ಕೈಗೆ ಸಿಗುವ ತೆಂಗಿನೆಣ್ಣೆಯನ್ನು ದಯವಿಟ್ಟು ಹಾಕಬೇಡಿ. ಆ ಕ್ಷಣಕ್ಕೆ ಸಡಿಲವಾದರೂ ಧೂಳನ್ನು ಹಿಡಿದಿಟ್ಟುಕೊಂಡು ಕೆಲವೇ ವಾರಗಳಲ್ಲಿ ಜಿಗುಟಾಗುತ್ತದೆ.

ನಾಲಗೆ ಸರಿಯಿದ್ದರೆ ಅದರ ಮೇಲೆ ಸೀಮೆಸುಣ್ಣ ಸವರಿ ಬಾಗಿಲನ್ನು ನಿಧಾನವಾಗಿ ಮುಚ್ಚಿ. ಚೌಕಟ್ಟಿನ ತಗಡಿನ ಮೇಲೆ ಗುರುತು ಎಲ್ಲಿ ಬಿತ್ತೆಂಬುದು ಬಹಳಷ್ಟನ್ನು ಹೇಳುತ್ತದೆ. ರಂಧ್ರಕ್ಕಿಂತ ಕೆಳಗೆ ಬಿದ್ದರೆ ಕದ ಇಳಿದಿದೆ, ಅಂದರೆ ಮೇಲಿನ ಬಿಜಾಗರಿ ಸಡಿಲವಾಗಿದೆ ಅಥವಾ ಸವೆದಿದೆ. ರಂಧ್ರದ ಮಟ್ಟಕ್ಕೇ ಬಿದ್ದು ಅಂಚಿನಲ್ಲಿ ಮಾತ್ರ ತಾಗಿದರೆ ಕದ ಚೌಕಟ್ಟಿನೊಳಗೆ ಪೂರ್ತಿ ಕೂರುತ್ತಿಲ್ಲ, ಅಂದರೆ ಏನೋ ಅಡ್ಡವಿದೆ. ಆ ಅಡ್ಡವನ್ನು ಹುಡುಕಲು ಕಾಗದದ ಪಟ್ಟಿಯೊಂದನ್ನು ಕದಕ್ಕೂ ಚೌಕಟ್ಟಿಗೂ ನಡುವೆ ಇಟ್ಟು ಮುಚ್ಚಿ ಎಳೆಯುತ್ತಾ ಸುತ್ತಲೂ ಬನ್ನಿ. ಕಾಗದ ಬಿಗಿಯಾಗಿ ಸಿಕ್ಕಿಬೀಳುವಲ್ಲಿ ದೋಷವಿರುತ್ತದೆ. ಬಣ್ಣದ ಪದರಗಳ ಮೇಲೆ ಪದರ, ಗುಡಿಸುವಾಗ ಸೇರಿಕೊಂಡ ಮರಳು, ಮಡಚಿಕೊಂಡ ಹೊಗೆತಡೆ ರಬ್ಬರ್, ಚೌಕಟ್ಟಿನ ಬುಡದಲ್ಲಿ ತುಕ್ಕಿನಿಂದ ಉಬ್ಬಿದ ತಗಡು, ಇವು ಇಲ್ಲಿ ಪದೇಪದೇ ಸಿಗುವವು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ತೆರೆದ ಮೆಟ್ಟಿಲಿಗೆ ಎರಚಲು ಬಡಿಯುವ ಕಟ್ಟಡಗಳಲ್ಲಿ ಕೊನೆಯದ್ದೇ ಹೆಚ್ಚು.

ಒಂದು ಎಚ್ಚರಿಕೆ. ಕದದ ಅಂಚಿನಲ್ಲಿರುವ ಪಟ್ಟಿಯನ್ನು, ಅದು ತಾಗುತ್ತಿದೆಯೆಂದು, ಕಿತ್ತೆಸೆಯಬೇಡಿ. ಬೆಂಕಿಯ ಬಿಸಿಗೆ ಹಲವು ಪಟ್ಟು ಉಬ್ಬಿ ಸಂದನ್ನು ಮುಚ್ಚುವ ಪಟ್ಟಿ ಅದು. ಹಾಗೆಯೇ ಕದದ ಅಂಚನ್ನು ಉಜ್ಜಿ ಸಣ್ಣದು ಮಾಡುವ ಮರಗೆಲಸದ ಉಪಾಯವೂ ಇಲ್ಲಿ ಬೇಡ. ಬದಿ ಮತ್ತು ಮೇಲ್ಭಾಗದ ಸಂದು ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರಿನೊಳಗೆ ಇರಬೇಕು, ಅದಕ್ಕಿಂತ ಹಿಗ್ಗಿದರೆ ಉಬ್ಬುವ ಪಟ್ಟಿಗೂ ಅದನ್ನು ತುಂಬಲಾಗದು.

ಇಷ್ಟೆಲ್ಲ ನೋಡಿದ ಮೇಲೂ ಗೇಣಿನ ಪರೀಕ್ಷೆಯಲ್ಲಿ ಬಾಗಿಲು ಸೋತರೆ ಆಗ ಕ್ಲೋಸರ್‌ನ ಲಾಚ್ ವಾಲ್ವ್‌ಗೆ ಬನ್ನಿ. ಪೆಟ್ಟಿಗೆಯ ಬದಿಯಲ್ಲಿ ಅಥವಾ ತುದಿಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತಿರುಪುಗಳಿರುತ್ತವೆ: ಒಂದು ಮುಚ್ಚುವ ದಾರಿಯ ಬಹುಪಾಲಿನ ವೇಗಕ್ಕೆ, ಇನ್ನೊಂದು ಕೊನೆಯ ಸ್ವಲ್ಪ ಕೋನದ ವೇಗಕ್ಕೆ. ಒಳಗಿರುವುದು ಒಂದು ಬಲವಾದ ಸ್ಪ್ರಿಂಗ್ ಮತ್ತು ಎಣ್ಣೆ. ಬಾಗಿಲು ತೆರೆಯುವಾಗ ನಾವು ಸ್ಪ್ರಿಂಗನ್ನು ಅದುಮುತ್ತೇವೆ, ಮುಚ್ಚುವಾಗ ಅದು ಹಿಗ್ಗುತ್ತಾ ಎಣ್ಣೆಯನ್ನು ಸಣ್ಣ ದಾರಿಯಲ್ಲಿ ತಳ್ಳುತ್ತದೆ. ತಿರುಪನ್ನು ಬಲಕ್ಕೆ ತಿರುಗಿಸಿದರೆ ದಾರಿ ಕಿರಿದಾಗಿ ನಿಧಾನವಾಗುತ್ತದೆ, ಎಡಕ್ಕೆ ತಿರುಗಿಸಿದರೆ ವೇಗ ಹೆಚ್ಚುತ್ತದೆ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಸಾಕು. ತಿರುಗಿಸಿ, ಮೂರೂ ಪರೀಕ್ಷೆಗಳನ್ನು ಮತ್ತೆ ಮಾಡಿ. ಯಾವ ಕಾರಣಕ್ಕೂ ತಿರುಪನ್ನು ಪೂರ್ತಿ ಹೊರತೆಗೆಯಬೇಡಿ, ಒತ್ತಡದಲ್ಲಿರುವ ಎಣ್ಣೆ ಮುಖಕ್ಕೆ ಚಿಮ್ಮುತ್ತದೆ ಮತ್ತು ಆ ಕ್ಲೋಸರ್ ಅಲ್ಲಿಗೆ ಮುಗಿಯಿತು.

ದಡಾರನೆ ಬಡಿಯುತ್ತದೆ

ಬಡಿಯುವ ಬಾಗಿಲು ಮುಚ್ಚುತ್ತದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಪ್ರತಿ ಬಡಿತಕ್ಕೂ ಬಿಜಾಗರಿಯ ತಿರುಪು, ಲಾಚ್ ಮತ್ತು ಚೌಕಟ್ಟಿನ ಸುತ್ತಲಿನ ಗಾರೆ ಸಡಿಲವಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಸದ್ದಿಗೆ ಬೇಸತ್ತ ಅಕ್ಕಪಕ್ಕದವರು ಬೆಣೆ ಇಡತೊಡಗುತ್ತಾರೆ.

ಕ್ಲೋಸರ್‌ನ ಕೆಳಗೆ, ಕದದ ಮೇಲೆ, ನೆಲದಲ್ಲಿ ಎಣ್ಣೆಯ ಕಲೆಯಿದೆಯೇ ನೋಡಿ. ಇದ್ದರೆ ಬೇರೇನನ್ನೂ ಹುಡುಕಬೇಕಾಗಿಲ್ಲ, ಸೀಲ್ ಹೋಗಿದೆ. ಅದಕ್ಕೆ ಎಣ್ಣೆ ತುಂಬುವ ಪ್ರಯತ್ನ ಬೇಡ, ಪೂರ್ತಿ ಘಟಕವನ್ನೇ ಬದಲಿಸಬೇಕು. ನೆಲದ ಎಣ್ಣೆಯನ್ನು ಆಗಿಂದಾಗ ಒರೆಸಿ, ಮೆಟ್ಟಿಲ ಬಾಯಲ್ಲಿ ಜಾರಿ ಬೀಳುವುದು ಸುಲಭ. ಕಲೆಯಿಲ್ಲದಿದ್ದರೆ ವೇಗದ ತಿರುಪನ್ನು ಮೇಲೆ ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಬಲಕ್ಕೆ ತಿರುಗಿಸಿ. 90 ಡಿಗ್ರಿಯಿಂದ ಮುಚ್ಚಲು ಸುಮಾರು 5ರಿಂದ 7 ಸೆಕೆಂಡು ಹಿಡಿದರೆ ಹಿತವಾದ ವೇಗ. ತಿರುಪು ತಿರುಗಿಸಿದರೂ ಯಾವ ಬದಲಾವಣೆಯೂ ಕಾಣದಿದ್ದರೆ ಎಣ್ಣೆ ಒಳಗೇ ದಾರಿ ತಪ್ಪುತ್ತಿದೆ. ಅದೂ ಬದಲಾವಣೆಯ ಸೂಚನೆಯೇ.

ಮಳೆಗಾಲದಲ್ಲಿ ಮಾತ್ರ ಬಡಿಯುತ್ತಿದ್ದರೆ ಅಪರಾಧಿ ಪಡುವಣ ಗಾಳಿ. ಮೇ ತಿಂಗಳ ಶಾಂತ ಮಧ್ಯಾಹ್ನ ಹೊಂದಿಸಿದ ಕ್ಲೋಸರ್ ಜುಲೈ ಆಗಸ್ಟ್ ಹೊತ್ತಿನ ಆಟಿ ತಿಂಗಳ ಗಾಳಿಗೆ ಬೇರೆಯದೇ ರೀತಿ ವರ್ತಿಸುತ್ತದೆ: ಮುಚ್ಚುವ ದಿಕ್ಕಿಗೆ ಗಾಳಿ ಬೀಸಿದರೆ ಬಡಿತ, ಎದುರು ಬೀಸಿದರೆ ಅರ್ಧದಲ್ಲೇ ನಿಲುಗಡೆ. ಹೊಂದಿಸುವುದಿದ್ದರೆ ಕೆಟ್ಟ ಗಾಳಿಯ ದಿನವೇ ಹೊಂದಿಸಿ.

ಆಮೆವೇಗದಲ್ಲಿ ಮುಚ್ಚುತ್ತದೆ, ಅಥವಾ ನಡುವೆ ನಿಂತುಬಿಡುತ್ತದೆ

ಬಾಗಿಲನ್ನು ಕೈಯಿಂದಲೇ ಮೆಲ್ಲಗೆ ಆಚೀಚೆ ಆಡಿಸಿ. ಒಂದೇ ಜಾಗದಲ್ಲಿ ಪ್ರತಿ ಸಲವೂ ಬಿಗಿಯಾದರೆ ಕದದ ಕೆಳಗೆ ಟೈಲ್ಸ್ ಎತ್ತರಿಸಿದೆ ಅಥವಾ ಬಿಜಾಗರಿ ತಿರುಚಿಕೊಂಡಿದೆ. ಎಲ್ಲೆಡೆಯೂ ಒಂದೇ ಸಮ ನಿಧಾನವಾದರೆ ವಾಲ್ವ್ ಹೆಚ್ಚು ಮುಚ್ಚಿದೆ. ತೋಳು ಬಾಗಿದೆಯೇ, ಅದರ ಗಿಣ್ಣಿನ ತಿರುಪು ಸಡಿಲವಾಗಿ ಬಲವೆಲ್ಲ ಅಲ್ಲಾಟದಲ್ಲಿ ಕಳೆದುಹೋಗುತ್ತಿದೆಯೇ ಎಂದೂ ನೋಡಿ. ಆದರೆ ತೋಳಿನ ತಿರುಪನ್ನು ನೀವೇ ಕಳಚಬೇಡಿ. ಬಾಗಿಲು ಮುಚ್ಚಿದ್ದಾಗಲೂ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ. ಬಿಡುಗಡೆಯಾದ ತೋಳು ಬೀಸಿ ಬಂದು ಏಣಿಯ ಮೇಲಿರುವವರ ಮುಖಕ್ಕೆ ಹೊಡೆಯುತ್ತದೆ.

ಏನೂ ಅಡ್ಡವಿಲ್ಲ, ವಾಲ್ವ್ ತೆರೆದಿದೆ, ಆದರೂ ಶಕ್ತಿಯಿಲ್ಲ ಎಂದಾದರೆ ಮೊದಲಿನಿಂದಲೇ ಗಾತ್ರ ತಪ್ಪಿರುವ ಸಾಧ್ಯತೆಯಿದೆ. ಯುರೋಪಿನ ಇಎನ್ 1154 ಮಾನದಂಡದಲ್ಲಿ ಕ್ಲೋಸರ್‌ಗಳಿಗೆ 1ರಿಂದ 7ರವರೆಗೆ ಬಲದ ಗಾತ್ರಗಳಿವೆ. ಅದರಂತೆ ಫೈರ್ ಡೋರಿಗೆ ಕನಿಷ್ಠ 3ನೇ ಗಾತ್ರ ಬೇಕು, ಮತ್ತು ಆ 3ನೇ ಗಾತ್ರವೂ 950 ಮಿಲಿಮೀಟರ್ ಅಗಲ, 60 ಕಿಲೋ ತೂಕದ ಕದದವರೆಗೆ ಮಾತ್ರ. 1100 ಮಿಲಿಮೀಟರ್, 80 ಕಿಲೋ ಎಂದಾದರೆ 4ನೇ ಗಾತ್ರ. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಕ್ಲೋಸರ್‌ಗಳ ಮೇಲೆ ಇದೇ ಸಂಖ್ಯೆಗಳಿರುತ್ತವೆ. ಹಳೆಯದು ಕೆಟ್ಟಾಗ ಹಾರ್ಡ್‌ವೇರ್ ಅಂಗಡಿಯಲ್ಲಿ 'ಒಂದು ಡೋರ್ ಕ್ಲೋಸರ್ ಕೊಡಿ' ಎಂದರೆ ಮರದ ಬಾಗಿಲಿನ ಹಗುರ ಕ್ಲೋಸರ್ ಕೈಗೆ ಬರುತ್ತದೆ. ಕದದ ಅಗಲ, ತೂಕ, ಮತ್ತು ಅದು ಫೈರ್ ಡೋರ್ ಎಂಬುದನ್ನು ಹೇಳಿಯೇ ಕೇಳಬೇಕು. ಕಡಲ ಬದಿಯ ಕಟ್ಟಡಕ್ಕೆ ತೋಳು ಮತ್ತು ತಿರುಪುಗಳನ್ನು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಸಿಕ್ಕರೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಸಿಗುವ 304 ದರ್ಜೆಗಿಂತ ಅದು ಉಪ್ಪನ್ನು ಚೆನ್ನಾಗಿ ತಾಳುತ್ತದೆ.

ತೆರೆಯಲು ತುಂಬಾ ಭಾರ

ಹಿರಿಯರು ದೂರುವ ಈ ಲಕ್ಷಣವನ್ನು ಹಗುರವಾಗಿ ಕಾಣಬಾರದು, ಏಕೆಂದರೆ ತೆರೆಯಲಾಗದ ಬಾಗಿಲು ತಪ್ಪಿಸಿಕೊಳ್ಳುವ ದಾರಿಯನ್ನೇ ಮುಚ್ಚುತ್ತದೆ. ತುಕ್ಕು ಹಿಡಿದ ಬಿಜಾಗರಿ, ಬಿಗಿ ಲಾಚ್, ಅಗತ್ಯಕ್ಕಿಂತ ಬಿಗಿಸಿದ ಸ್ಪ್ರಿಂಗ್, ಈ ಕ್ರಮದಲ್ಲಿ ಪರೀಕ್ಷಿಸಿ. ಸ್ಪ್ರಿಂಗಿನ ಬಲ ತಗ್ಗಿಸಿದ ಪ್ರತಿ ಸಲವೂ ಗೇಣಿನ ಪರೀಕ್ಷೆ ಮಾಡಿ. ತೆರೆಯುವ ಸುಲಭಕ್ಕೂ ಮುಚ್ಚುವ ಖಚಿತತೆಗೂ ನಡುವೆ ಸಿಗುವ ಜಾಗ ಕಿರಿದು.

ಮೆಟ್ಟಿಲ ಗೂಡಿಗೆ ಫ್ಯಾನಿನಿಂದ ಗಾಳಿ ತುಂಬುವ ವ್ಯವಸ್ಥೆಯಿರುವ ಎತ್ತರದ ಕಟ್ಟಡಗಳಲ್ಲಿ, ಫ್ಯಾನ್ ಓಡುವಾಗ ಮಾತ್ರ ಬಾಗಿಲು ಭಾರವಾದರೆ ದೋಷ ಕ್ಲೋಸರಿನದಲ್ಲ. 50 ಪಾಸ್ಕಲ್ ಒತ್ತಡದ ವ್ಯತ್ಯಾಸವೆಂದರೆ 2 ಚದರ ಮೀಟರ್ ಕದದ ಮೇಲೆ 100 ನ್ಯೂಟನ್ ಬಲ. ಬಿಜಾಗರಿಯಿಂದ ದೂರದ ಹಿಡಿಯಲ್ಲಿ ಅದರ ಸುಮಾರು ಅರ್ಧ ನಮ್ಮ ಕೈಗೆ ಬರುತ್ತದೆ, ಅದರ ಮೇಲೆ ಸ್ಪ್ರಿಂಗಿನ ಬಲ ಬೇರೆ. ಅದೇ ಒತ್ತಡ ನೆಲಮಹಡಿಯಲ್ಲಿ ಹೊರಗೆ ತೆರೆಯುವ ಬಾಗಿಲನ್ನು ಮುಚ್ಚಲು ಬಿಡದೆ ಹೊರಕ್ಕೆ ತಳ್ಳಲೂಬಹುದು. ಎರಡನ್ನೂ ಫ್ಯಾನ್ ಮತ್ತು ಡ್ಯಾಂಪರ್ (ಗಾಳಿಯ ಹರಿವನ್ನು ಹಿಡಿತದಲ್ಲಿಡುವ ಫಲಕ) ಹೊಂದಿಸುವ ಎಂಜಿನಿಯರ್‌ಗೆ ಬಿಡಿ. ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಫ್ಯಾನ್ ಓಡಿಸಿಯೇ ಮಾಡದಿದ್ದರೆ ಬೆಂಕಿಯ ರಾತ್ರಿಯೇ ಮೊದಲ ಪರೀಕ್ಷೆಯಾಗುತ್ತದೆ.

ಎರಡು ಕದಗಳ ಬಾಗಿಲು ಒಂದರ ಮೇಲೊಂದು ಕೂರುತ್ತದೆ

ಆಸ್ಪತ್ರೆ, ಹಾಸ್ಟೆಲ್, ಸಭಾಂಗಣಗಳಲ್ಲಿ ಕಾಣುವ ದೋಷವಿದು. ಅಂಚು ಮೇಲಿರುವ ಕದ ಮೊದಲು ಮುಚ್ಚಿದರೆ ಇನ್ನೊಂದು ಕದ ಹೊರಗೇ ಉಳಿದು, ನಡುವೆ ಹೊಗೆಗೆ ಧಾರಾಳವಾದ ದಾರಿಯಾಗುತ್ತದೆ. ಕದಗಳು ಸರಿಯಾದ ಕ್ರಮದಲ್ಲಿ ಮುಚ್ಚುವಂತೆ ನೋಡಿಕೊಳ್ಳುವ ಮೇಲಿನ ಕ್ರಮಪಾಲಕ ತೋಳು ಮುರಿದಿದೆಯೇ, ತುಕ್ಕಿಗೆ ಗಟ್ಟಿಯಾಗಿದೆಯೇ ನೋಡಿ. ಎರಡೂ ಕದಗಳ ವೇಗವನ್ನು ಬದಲಿಸಿ ಸರಿಹೊಂದಿಸುವುದು ತಾತ್ಕಾಲಿಕ. ಒಂದೇ ಕದವನ್ನು ತೆರೆದು ಬಿಟ್ಟಾಗ, ಎರಡನ್ನೂ ಒಟ್ಟಿಗೆ ಬಿಟ್ಟಾಗ, ಎರಡೂ ಸಂದರ್ಭದಲ್ಲಿ ಕ್ರಮ ತಪ್ಪಬಾರದು.

ಎಲ್ಲಿ ನಿಲ್ಲಿಸಬೇಕು

ಕದ ಬಾಗಿದ್ದರೆ, ಚೌಕಟ್ಟು ಗೋಡೆಯಿಂದ ಬಿಟ್ಟಿದ್ದರೆ, ತುಕ್ಕಿನಿಂದ ತೂತುಬಿದ್ದು ಒಳಗಿನ ತುಂಬುವಸ್ತು ಕಾಣುತ್ತಿದ್ದರೆ, ಎಣ್ಣೆ ಸೋರಿದ್ದರೆ, ಅಥವಾ ಹೊಸ ರಂಧ್ರ ಕೊರೆಯಬೇಕಾದ ಪ್ರಸಂಗ ಬಂದರೆ ಅಲ್ಲಿಗೆ ನಿಲ್ಲಿಸಿ ಬಾಗಿಲು ತಯಾರಕರ ಅಥವಾ ಫೈರ್ ಡೋರ್ ಕೆಲಸ ಬಲ್ಲವರ ನೆರವು ಪಡೆಯಿರಿ. ಫೈರ್ ಡೋರ್ ಎಂದರೆ ಕದ, ಚೌಕಟ್ಟು, ಬಿಜಾಗರಿ, ಲಾಚ್, ಕ್ಲೋಸರ್ ಎಲ್ಲವೂ ಒಟ್ಟಾಗಿ ಬೆಂಕಿಯ ಪರೀಕ್ಷೆಗೆ ಒಳಗಾದ ಜೋಡಣೆ. ಮನಸ್ಸಿಗೆ ಬಂದಲ್ಲಿ ಕೊರೆದ ರಂಧ್ರ ಆ ಪರೀಕ್ಷೆಯ ಪ್ರಮಾಣಪತ್ರದಿಂದ ಬಾಗಿಲನ್ನು ಹೊರಗಿಡುತ್ತದೆ. ಕರೆಯುವ ಮುನ್ನ ಅಂಚಿನ ಫಲಕದ ಫೋಟೊ ತೆಗೆದಿಡಿ. ಬಣ್ಣ ಬಳಿದು ಅದನ್ನು ಮುಚ್ಚಿದ್ದರೆ ಜೋಪಾನವಾಗಿ ಕೆರೆದು ಓದಿ.

ಎಷ್ಟು ದಿನಕ್ಕೊಮ್ಮೆ ನೋಡಬೇಕೆಂಬ ಪ್ರಶ್ನೆಗೆ ಹೊರದೇಶದ ಎರಡು ದುರಂತಗಳು ಉತ್ತರ ಕೊಡುತ್ತವೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಮಂದಿ ಸತ್ತ ಬಳಿಕ ನಡೆದ ವಿಚಾರಣೆಯು, ಕ್ಲೋಸರ್ ಇಲ್ಲದ ಅಥವಾ ಕೆಟ್ಟ ಬಾಗಿಲುಗಳಿಂದ ಹೊಗೆ ಲಾಬಿಗಳಿಗೆ ಹರಡಿದ್ದನ್ನು ಗುರುತಿಸಿ, ಮೂರು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕೆಂದು ಶಿಫಾರಸು ಮಾಡಿತು. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 2022ರ ಜನವರಿ 9ರಂದು 19 ಮಹಡಿಗಳ ಕಟ್ಟಡವೊಂದರಲ್ಲಿ ಹೀಟರ್‌ನಿಂದ ಹೊತ್ತಿದ ಬೆಂಕಿ ಹೆಚ್ಚು ಹರಡಲಿಲ್ಲ. ತಾನಾಗಿ ಮುಚ್ಚಬೇಕಿದ್ದ ಬಾಗಿಲುಗಳು ಮುಚ್ಚದೆ ಹರಡಿದ ಹೊಗೆಗೆ 17 ಮಂದಿ ಬಲಿಯಾದರು. ಕರಾವಳಿಯಲ್ಲಿ ಮೂರು ತಿಂಗಳ ಈ ಲೆಕ್ಕವನ್ನು ಮಳೆಗಾಲಕ್ಕೆ ಹೊಂದಿಸಿಕೊಂಡು, ಒಂದು ಪರೀಕ್ಷೆ ಮೇ ಕೊನೆಗೆ, ಇನ್ನೊಂದು ಗಾಳಿಮಳೆ ಜೋರಾಗಿರುವಾಗ ಬರುವಂತೆ ಮಾಡಿಕೊಂಡರೆ ಒಳಿತು.

ದುರಸ್ತಿಯವರು ಬರುವವರೆಗಿನ ದಿನಗಳಲ್ಲಿ ಕೆಟ್ಟ ಕ್ಲೋಸರನ್ನು ಕಳಚಿ ಬಾಗಿಲನ್ನು ತೆರೆದಿಡಬೇಡಿ. ಕದವನ್ನು ಕೈಯಿಂದ ಮುಚ್ಚಿ ಲಾಚ್ ಬೀಳಿಸಿ, ಹಾಗೆ ಮಾಡಬೇಕೆಂದು ಆ ಮಹಡಿಯ ಎಲ್ಲ ಮನೆಗಳಿಗೂ ಹೇಳಿ, ಪ್ರತಿ ಪಾಳಿಯಲ್ಲಿ ಒಮ್ಮೆ ನೋಡಿಬರಲು ವಾಚ್‌ಮನ್‌ಗೆ ತಿಳಿಸಿ. ಕದಲದಿರಲೆಂದು ಬೀಗ ಮಾತ್ರ ಹಾಕಬೇಡಿ. ನಿಜವಾಗಿಯೇ ಹೊಗೆ ಕಂಡರೆ ಬಾಗಿಲಿನ ದುರಸ್ತಿಗೆ ನಿಲ್ಲದೆ ಅದನ್ನು ಎಳೆದು ಮುಚ್ಚಿ, ಮೆಟ್ಟಿಲಿಳಿದು 101ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಹೊಸ ಕ್ಲೋಸರ್ ಅಳವಡಿಸಿದ ದಿನ, ಹಣ ಕೊಡುವ ಮೊದಲು, ಅಳವಡಿಸಿದವರ ಎದುರೇ ಮೂರೂ ಪರೀಕ್ಷೆಗಳನ್ನು ಮಾಡಿ, ಮಹಡಿಯ ಸಂಖ್ಯೆ, ಕ್ಲೋಸರ್‌ನ ಗಾತ್ರ ಮತ್ತು ದಿನಾಂಕವನ್ನು ಅಸೋಸಿಯೇಷನ್‌ನ ಪುಸ್ತಕದಲ್ಲಿ ಬರೆದಿಡಿ.